ಸೋಫಾದ ಎಡಬದಿ

"ಎಂತ ಮಾರಾಯ್ರೇ, ಸೋಫಾಕ್ಕೆ ಜ್ವರವಾ?"

ದೇಯಿ ಹಾಗೆ ಕೇಳಿದ್ದಕ್ಕೆ ಕಾರಣವಿತ್ತು. ಬೆಂಗ್ರೆಯಿಂದ ದೋಣಿಯಲ್ಲಿ ಹೊಳೆ ದಾಟಿ, ತೆಂಗಿನ ನಾರಿನ ಕತ್ತದ ಹೊರೆ ತಲೆ ಮೇಲಿಟ್ಟುಕೊಂಡು, ಬಂದರಿನಿಂದ ಬಿಜೈವರೆಗೆ ಬಿಸಿಲಲ್ಲಿ ನಡೆದು ಬಂದರೆ, ರೊಸಾಲಿನ್ ಬಾಯಮ್ಮನ ಮನೆಯ ಜಗಲಿಯಲ್ಲಿ ಒಬ್ಬ ಗಂಡಸು ಮೊಣಕಾಲೂರಿ, ಹಳೆಯ ಸೋಫಾದ ಮೇಲೆ ಕಿವಿಯಿಟ್ಟು, ಕಣ್ಣು ಮುಚ್ಚಿಕೊಂಡಿದ್ದ. ಅಂಗೈಯಿಂದ ಒಮ್ಮೆ ಇಲ್ಲಿ ಒತ್ತುತ್ತಾನೆ, ಒಮ್ಮೆ ಅಲ್ಲಿ. ಇಂಥದ್ದನ್ನು ಕಂಡು ಸುಮ್ಮನಿರುವುದನ್ನು ದೇಯಿಗೆ ಅವಳ ತಾಯಿ ಕಲಿಸಿರಲಿಲ್ಲ.

ಅವನು ಕಣ್ಣು ತೆರೆದ. ಸಿಟ್ಟು ಮಾಡಲಿಲ್ಲ.

"ಒಳಗೊಂದು ಸ್ಪ್ರಿಂಗ್ ಕಟ್ಟು ಬಿಟ್ಟಿದೆ. ಒತ್ತಿದರೆ ನರಳ್ತದೆ. ಕೇಳ್ತೀಯಾ?"

ಹೊರೆ ಇಳಿಸಿ ಅವಳೂ ಕಿವಿಯಿಟ್ಟಳು. ಅವನು ಒತ್ತಿದ. ಒಳಗಿನಿಂದ ಸಣ್ಣದೊಂದು ಕಿಂಯ್ ಎಂಬ ಸದ್ದು. ಸೋಫಾದ ಆ ತುದಿಯಲ್ಲಿ ಅವನ ಮುಖ, ಈ ತುದಿಯಲ್ಲಿ ಇವಳ ಮುಖ. ದೇಯಿಗೆ ನಗು ತಡೆಯಲಾಗಲಿಲ್ಲ. ಅವನು ನಗಲಿಲ್ಲ, ಆದರೆ ಕಣ್ಣಿನ ಅಂಚು ನಕ್ಕದ್ದನ್ನು ಅವಳು ನೋಡಿಬಿಟ್ಟಳು. ನೋಡಬಾರದಿತ್ತು. ಅಂದಿನಿಂದಲೇ ಶುರು.

ಚೆನ್ನಪ್ಪ ಎಂದರೆ ಆಗಿನ ಮಂಗಳೂರಿನಲ್ಲಿ ಕುಶನ್ ಕೆಲಸಕ್ಕೆ ಹೆಸರು. ಜಟಕಾಗಳ ನಡುವೆ ಮೋಟಾರುಗಳು ಹಾರ್ನ್ ಹೊಡೆಯತೊಡಗಿದ್ದ ಕಾಲ. ಎರಡಕ್ಕೂ ಸೀಟು ಕಟ್ಟಿದ ಕೈ ಅವನದು. ಕೈ ಎಷ್ಟು ಚುರುಕೋ ಬಾಯಿ ಅಷ್ಟೇ ಮಂದ. ದೇಯಿಗೆ ಎರಡೂ ಚುರುಕು. ದೇವರು ಹಂಚುವಾಗ ನ್ಯಾಯ ನೋಡುವುದಿಲ್ಲ, ಬಿಡಿ.

ಬೀಟೆಮರದ ಆ ಸೋಫಾ ಬಾಯಮ್ಮ ಮದುವೆಯಾಗಿ ಬಂದ ವರ್ಷ ಮನೆಗೆ ಬಂದದ್ದು. ಗಂಡ ತೀರಿಹೋಗಿ ವರ್ಷಗಳಾದವು. ಈಗ ಮೊಮ್ಮಗಳು ಬೆನಿಟಾಳ ಮದುವೆ. ಇಗರ್ಜಿಯಲ್ಲಿ ಪಾದ್ರಿಯ ಎದುರು ಮದುವೆಯಾಗಿ ಬಂದ ಮದುಮಕ್ಕಳು ಅದರ ಮೇಲೆಯೇ ಕೂತು ಹಿರಿಯರ ಆಶೀರ್ವಾದ ತೆಗೆದುಕೊಳ್ಳಬೇಕು ಎಂದು ಅಜ್ಜಿಯ ಹಠ. ಹೊಸದು ತರಿಸುತ್ತೇನೆಂದ ಮಗನ ಮಾತನ್ನು ಅವರು ಕಿವಿಗೇ ಹಾಕಿಕೊಂಡಿರಲಿಲ್ಲ.

ದೇಯಿಯ ಕತ್ತವನ್ನು ಬೆರಳಲ್ಲಿ ಉಜ್ಜಿ ನೋಡಿ ಬಾಯಮ್ಮ ಹೇಳಿದರು, "ಚಂದ ಉಂಟು. ಹಿಂಜಲಿಕ್ಕೂ ಇವಳೇ ಇರಲಿ ಚೆನ್ನಪ್ಪಾ."

ಹೀಗೆ ದೇಯಿ ದಿನಾ ಹೊಳೆ ದಾಟತೊಡಗಿದಳು.

ಹೊದಿಕೆ ಬಿಚ್ಚಿದ ಬೆಳಗನ್ನು ಅವಳು ಸಾಯುವವರೆಗೂ ಮರೆಯಲಿಲ್ಲ. ಚೆನ್ನಪ್ಪ ಹಿತ್ತಾಳೆಯ ಮೊಳೆಗಳನ್ನು ಒಂದೊಂದಾಗಿ ಎಬ್ಬಿಸಿದ, ಮಗುವಿನ ಕಾಲಿನ ಮುಳ್ಳು ತೆಗೆಯುವ ಹಾಗೆ. ಮೇಲಿನ ಮಖಮಲ್ಲು ಬಣ್ಣ ಕಳೆದು ಬೂದಿಯಾಗಿತ್ತು. ಅಂಚಿನ ಮಡಿಕೆ ಬಿಡಿಸಿದರೆ ಒಳಗೆ ಕೆಂಪು! ನಿನ್ನೆ ಅದ್ದಿ ತೆಗೆದಂಥ ಕೆಂಪು. ಬಿಸಿಲೇ ಕಾಣದೆ ಅಷ್ಟು ವರ್ಷ ಅಲ್ಲಿ ಅಡಗಿ ಕೂತಿತ್ತು.

"ಅಯ್ಯೋ ದೇವರೇ," ಎಂದಳು ದೇಯಿ.

ಮಖಮಲ್ಲಿನಡಿ ಹತ್ತಿ. ಹತ್ತಿಯಡಿ ಕಪ್ಪಗೆ ಕುದುರೆ ಕೂದಲು. ಅದರಡಿ ಗೋಣಿ, ಗೋಣಿಯಡಿ ಕತ್ತ, ತಳದಲ್ಲಿ ಎಂಟು ದಿಕ್ಕಿಗೂ ಹುರಿ ಬಿಗಿದು ನಿಲ್ಲಿಸಿದ ಸ್ಪ್ರಿಂಗುಗಳು. ಗೋಣಿಯ ಅಂಚಿನಲ್ಲಿ ಯಾರೋ ಸತ್ತುಹೋದ ಕೆಲಸಗಾರ ಹೊಲಿದ ಹೊಲಿಗೆ ಸಾಲುಸಾಲಾಗಿತ್ತು. ಒಂದೂ ಹೆಚ್ಚಿಲ್ಲ, ಒಂದೂ ಕಡಿಮೆಯಿಲ್ಲ.

"ಇದನ್ನು ಯಾರು ನೋಡ್ತಾರೆ?"

"ಯಾರೂ ಇಲ್ಲ."

"ಮತ್ತೆ ಇಷ್ಟು ಚಂದ ಯಾಕೆ ಹೊಲಿದದ್ದು?"

ಚೆನ್ನಪ್ಪ ಆ ಹೊಲಿಗೆಯ ಮೇಲೆ ಮೆಲ್ಲ ಬೆರಳಾಡಿಸಿದ. "ಸುಳ್ಳು ಹೊಲಿಯಲಿಕ್ಕೆ ಅವರಿಗೆ ಮನಸ್ಸು ಬರಲಿಲ್ಲ, ಕಾಣ್ತದೆ," ಎಂದು ಬೆರಳನ್ನು ಕಣ್ಣಿಗೊತ್ತಿಕೊಂಡ.

ಹೆಸರೂ ಗೊತ್ತಿಲ್ಲದವನ ಕೆಲಸಕ್ಕೆ ಹಾಗೆ ಕೈಮುಗಿಯುವ ಗಂಡಸನ್ನು ದೇಯಿ ಅದುವರೆಗೆ ಕಂಡಿರಲಿಲ್ಲ. ಇವನು ನನ್ನವನಾಗಬೇಕು ಎಂದು ಅವಳಿಗೆ ಅನಿಸಿತು. ಸುತ್ತು ಬಳಸಿ ಅಲ್ಲ, ನೇರವಾಗಿಯೇ ಅನಿಸಿತು. ಆ ಸಂಜೆ ದೋಣಿಯಲ್ಲಿ ಅವಳು ಅಂಬಿಗ ನೋಣಯ್ಯನ ಕಿವಿಯಲ್ಲಿ ಏನೋ ಕೇಳಿದಳು. ಅವನು ಹುಟ್ಟು ಹಾಕುವುದನ್ನೇ ಬಿಟ್ಟು ನಕ್ಕ. ಕೇಳಿದ್ದೇನು ಎಂಬುದು ಸದ್ಯಕ್ಕೆ ಬೇಡ. ಆದರೆ ನಗು ಮುಗಿದ ಮೇಲೆ ಅವನು ಹೇಳಿದ ಇನ್ನೊಂದು ಮಾತಿಗೆ ಅವಳ ಮುಖ ಇಳಿಯಿತು.

"ಚೆನ್ನಪ್ಪ ಬೊಂಬಾಯಿಗೆ ಹೋಗ್ತಾನೆ ಮಾರಾಯ್ತಿ. ಮೋಟಾರು ಸೀಟಿನ ಕೆಲಸ. ಮಳೆ ಹಿಡಿಯುವ ಮೊದಲು ಹೋಗುವ ಕೊನೆಯ ಸ್ಟೀಮರಿಗೆ."

ಇನ್ನೊಂದು ವಿಷಯ ಇಲ್ಲಿ ಹೇಳಲೇಬೇಕು. ತುಳುನಾಡಿನಲ್ಲಿ ಹುಡುಗ ಹುಡುಗಿಯ ಹತ್ತಿರ "ನಿನ್ನ ಬರಿ ಯಾವುದು?" ಎಂದು ಕೇಳಿದರೆ ಅರ್ಧ ಮದುವೆಯ ಮಾತಾಡಿದ ಹಾಗೆ. ಬರಿ ಎಂದರೆ ತಾಯಿಯ ಕಡೆಯಿಂದ ಇಳಿದು ಬರುವ ಕುಲ. ಒಂದೇ ಬರಿಯಾದರೆ ಅಣ್ಣ ತಂಗಿಯ ಲೆಕ್ಕ, ಆಸೆ ಬಿಡಬೇಕು. ಬೇರೆ ಬೇರೆಯಾದರೆ ದಾರಿ ಸಲೀಸು. ಇಬ್ಬರದೂ ಜಾತಿ ಒಂದೇ. ಇನ್ನು ಚೆನ್ನಪ್ಪ ಬಾಯಿಬಿಟ್ಟು ಕೇಳಬೇಕಾದದ್ದು ಆ ಒಂದೇ ಪ್ರಶ್ನೆ. ಹುಡುಗಿ ತಾನಾಗಿ ಹೇಳುವ ಕ್ರಮವಿಲ್ಲ.

ಅವನು ಕೇಳಲಿಲ್ಲ. ಬೇರೆಲ್ಲ ಕೇಳಿದ. ಕತ್ತ ಎಷ್ಟು ತಿಂಗಳು ನೀರಲ್ಲಿ ಕೊಳೆಯಬೇಕು ಎಂದು ಕೇಳಿದ. ಬೆಂಗ್ರೆಯಲ್ಲಿ ಗಾಳಿ ಜೋರಾ ಎಂದು ಕೇಳಿದ. ಊಟ ಆಯ್ತಾ ಎಂದು ದಿನಾ ಕೇಳಿದ. ದೇಯಿಗೆ ಮೈ ಉರಿಯುತ್ತಿತ್ತು.

ಅವಳು ಒಂದು ಉಪಾಯ ಮಾಡಿದಳು. "ಗಂಟುಂಟು" ಎಂದು ಹಿಂಜಿದ್ದನ್ನೇ ಮತ್ತೆ ಹಿಂಜಿದಳು. ಕೆಲಸ ಮುಗಿದರೆ ತಾನೇ ಇವನು ಹಡಗು ಹತ್ತುವುದು? ವಿಚಿತ್ರವೆಂದರೆ ಚೆನ್ನಪ್ಪನ ಕೆಲಸವೂ ಮುಂದೆ ಹೋಗುತ್ತಿರಲಿಲ್ಲ. ಹೊಸ ಗೋಣಿಯ ಅಂಚನ್ನು ಇಡೀ ದಿನ ಹೊಲಿಯುತ್ತಿದ್ದ, ಮರುದಿನ ಬೆಳಗ್ಗೆ "ಸೊಟ್ಟ ಆಗಿದೆ" ಎಂದು ಬಿಚ್ಚುತ್ತಿದ್ದ. ದೇಯಿಯ ಕಣ್ಣಿಗೆ ಎಲ್ಲೂ ಸೊಟ್ಟ ಕಾಣುತ್ತಿರಲಿಲ್ಲ.

"ಒಮ್ಮೆ ಕೂತು ನೋಡಬಾರದಾ? ಸರಿ ಉಂಟಾ ಅಂತ ಗೊತ್ತಾಗ್ತದೆ," ಎಂದಳು ಒಂದು ದಿನ.

"ನಮ್ಮಂಥವರು ಧನಿಗಳ ಸೋಫಾದಲ್ಲಿ ಕೂರುವುದುಂಟಾ? ನಾನು ಕಟ್ಟಿದ ಒಂದರಲ್ಲೂ ಕೂತವನಲ್ಲ. ಅಂಗೈ ಇಟ್ಟು ನೋಡಿದರೆ ಸಾಕು."

ದೇಯಿ ಅವನ ಆ ಅಂಗೈಯನ್ನೇ ನೋಡುತ್ತಾ ಕತ್ತ ಹಿಂಜಿದಳು.

ಆಮೇಲೆ ಸೋಫಾದಿಂದ ತೆಗೆದ ಕುದುರೆ ಕೂದಲಿನ ಸರದಿ ಬಂತು. ಎರಡು ಚೀಲ ಅವಳ ಮುಂದಿಟ್ಟ ಚೆನ್ನಪ್ಪ ಏನೋ ಹೇಳಲು ಬಾಯಿ ತೆರೆದ. ದೇಯಿ ತುರುಬಿಗೆ ಆ ದಿನ ಅಬ್ಬಲಿಗೆ ಹೂ ಮುಡಿದಿದ್ದಳು. ತೆರೆದ ಬಾಯಿ ಹಾಗೇ ಮುಚ್ಚಿತು. "ಇದನ್ನು ತೊಳಿ," ಎಂದಷ್ಟೇ ಹೇಳಿ, ಮಖಮಲ್ಲು ತರಲು ಪೇಟೆಗೆ ಹೋದ.

ದೇಯಿ ಅಂಟುವಾಳದ ನೊರೆಯಲ್ಲಿ ಕೂದಲನ್ನು ತೊಳೆದಳು. ಕತ್ತದ ಹುರಿ ಹೊಸೆಯುವ ಹಾಗೆಯೇ ಅದನ್ನು ಬಿಗಿಯಾಗಿ ಹೊಸೆದು, ಹಬೆಯಲ್ಲಿ ಬೇಯಿಸಿ, ಒಣಗಿಸಿ, ಬಿಡಿಸಿ, ಹಿಂಜಿದಳು. ಅವಳ ಅಂಗಳದಲ್ಲಿ ಯಾರ ಮನೆಯ ಕತ್ತ ಬಂದರೂ ಒಂದೇ ರಾಶಿ. ಬೇರೆ ಬೇರೆ ಇಟ್ಟರೆ ಹುರಿಯ ಬಣ್ಣ ಪಟ್ಟೆ ಪಟ್ಟೆಯಾಗುತ್ತದೆ. ಎರಡು ಚೀಲವನ್ನೂ ಚಾಪೆಯ ಮೇಲೆ ಒಂದೇ ರಾಶಿ ಮಾಡಿದಳು.

ಚೆನ್ನಪ್ಪ ಬಂದಾಗ ಅವಳು ಮುಷ್ಟಿ ತುಂಬ ಕೂದಲು ಹಿಡಿದು ಕೂತಿದ್ದಳು. "ಇಲ್ಲಿ ನೋಡಿ, ನೋಡಿ!" ಎಂದು ಮುಷ್ಟಿ ಬಿಚ್ಚಿದಳು. ದೋಸೆಯ ಹಾಗೆ ಚಪ್ಪಟೆಯಾಗಿದ್ದ ಕೂದಲು ಅವಳ ಅಂಗೈಯಲ್ಲಿ ಮೆಲ್ಲ ಮೆಲ್ಲ ಎದ್ದಿತು. ಉಸಿರು ಬಂದ ಹಾಗೆಯೇ. ಎಂದೋ ಓಡಿದ ಕುದುರೆಗಳು, ಅವು ಸತ್ತು ಎಷ್ಟು ಕಾಲವಾಯಿತೋ! ಇಬ್ಬರೂ ತಲೆಗೆ ತಲೆ ತಾಗುವಷ್ಟು ಬಾಗಿ ನೋಡಿದರು.

ಅಷ್ಟರಲ್ಲಿ ಒಳಗಿನಿಂದ ಬಾಯಮ್ಮನ ಸ್ವರ. "ಚೆನ್ನಪ್ಪಾ, ಎಡಬದಿಯದ್ದು ಎಡಬದಿಗೇ ಹಾಕು, ಆಯ್ತಾ? ಅದು ನಮ್ಮವರು ಕೂರ್ತಿದ್ದ ಬದಿ. ಹೇಳಿದ್ದು ನೆನಪುಂಟಲ್ಲಾ?"

ದೇಯಿ ಚಾಪೆಯ ಕಡೆ ತಿರುಗಿದಳು. ಚಾಪೆಯ ಮೇಲೆ ಒಂದೇ ರಾಶಿ. ಯಾವುದು ಎಡ, ಯಾವುದು ಬಲ, ಬ್ರಹ್ಮನಿಗೂ ಗೊತ್ತಿಲ್ಲ.

"ನೀವು ನನಗೆ ಹೇಳಲಿಲ್ಲ," ಎಂದು ಪಿಸುಗುಟ್ಟಿದಳು.

"ಹೇಳಬೇಕೂಂತಲೇ ಇದ್ದೆ." ಅವನ ಮುಖ ಬಿಳಿಚಿತ್ತು. "ಮರೆತೇಹೋಯ್ತು."

"ಸುಮ್ಮನೆ ತುಂಬಿಸಿ ಹೊಲಿದುಬಿಡಿ. ಒಳಗಿನದ್ದು ಯಾರಿಗೆ ಕಾಣ್ತದೆ?"

ಹೇಳಿದ ಮರುಕ್ಷಣವೇ ಅವಳಿಗೆ ನಾಚಿಕೆಯಾಯಿತು. ಚೆನ್ನಪ್ಪ ಪಕ್ಕಕ್ಕೆ ಎತ್ತಿಟ್ಟಿದ್ದ ಹಳೆಯ ಗೋಣಿಯ ಅಂಚಿನ ಹೊಲಿಗೆಯ ಕಡೆ ನೋಡಿದ ಅಷ್ಟೆ. ಬಾಯಮ್ಮನ ಮನಸ್ಸು ಮುರಿದರೆ ಇವನ ಹೆಸರು ಹೋಯಿತು. ಅಡಿಕೆಗೆ ಹೋದ ಮಾನ ಆನೆ ಕೊಟ್ಟರೂ ಬಾರದು. ಮತ್ತೆ ಇವನು ಯಾವ ಮುಖದಲ್ಲಿ ನನ್ನ ಕಡೆ ನೋಡಿಯಾನು? ಆ ಸಂಜೆ ದೋಣಿಯಲ್ಲಿ ಅವಳು ನೀರನ್ನೇ ನೋಡುತ್ತಾ ಅತ್ತಳು. ನೋಣಯ್ಯ ಒಮ್ಮೆಯೂ ತಮಾಷೆ ಮಾಡಲಿಲ್ಲ.

ಕೊನೆಯ ಹಿತ್ತಾಳೆ ಮೊಳೆ ಹೊಡೆದದ್ದು ಶುಕ್ರವಾರ. ಸ್ಟೀಮರ್ ಶನಿವಾರ. ಹೊಸ ಕೆಂಪು ಮಖಮಲ್ಲು ಹೊದ್ದ ಸೋಫಾ ಜಗಲಿಯ ಬೆಳಕಿನಲ್ಲಿ ನಿಂತಾಗ ಮನೆಯವರೆಲ್ಲ ಸ್ವರ ತಗ್ಗಿಸಿ ಮಾತಾಡತೊಡಗಿದರು, ಇಗರ್ಜಿಯೊಳಗೆ ಮಾತಾಡುವ ಹಾಗೆ. ಬಾಯಮ್ಮ ಕೋಲೂರಿಕೊಂಡು ಬಂದು ಎಡಬದಿಯ ಮೇಲೆ ಕೈಯಿಟ್ಟರು. ಸವರಿದರು. ಕಣ್ಣು ಮುಚ್ಚಿದರು.

"ಬಾಯಮ್ಮಾ, ತಪ್ಪು ನನ್ನದು," ಎಂದಳು ದೇಯಿ.

"ತಪ್ಪು ನನ್ನದು ಬಾಯಮ್ಮಾ," ಎಂದ ಚೆನ್ನಪ್ಪ.

ಎರಡೂ ಒಟ್ಟಿಗೇ ಬಿತ್ತು. ಬಾಯಮ್ಮ ಕಣ್ಣು ತೆರೆದರು. "ಯಾರಾದರೂ ಒಬ್ಬರು ಹೇಳಿ."

ಮಂದ ಬಾಯಿಯ ಚೆನ್ನಪ್ಪನೇ ಹೇಳಿದ. ಹೇಳಲು ಮರೆತದ್ದು, ಎರಡು ಬದಿಯ ಕೂದಲು ಒಂದೇ ರಾಶಿಯಾದದ್ದು, ಬೇರೆ ಮಾಡಲು ಇನ್ನು ಯಾರಿಂದಲೂ ಸಾಧ್ಯವಿಲ್ಲದ್ದು. ದೇಯಿ ಸೆರಗು ಹಿಡಿದು ನಿಂತಿದ್ದಳು.

"ಎರಡೂ ಸೇರಿಹೋಯ್ತಾ?" ಎಂದರು ಬಾಯಮ್ಮ. "ಪೂರ್ತಿ?"

"ಪೂರ್ತಿ."

ಬಾಯಮ್ಮ ಕೋಲನ್ನು ಬಿಗಿಯಾಗಿ ಹಿಡಿದರು. ಬೈಗುಳ ಬರುತ್ತದೆ ಎಂದುಕೊಂಡಳು ದೇಯಿ. ಬಂದದ್ದು ಬೇರೆ.

"ನಮ್ಮ ಕಾಲದಲ್ಲಿ ಅತ್ತೆಯ ಎದುರು ಗಂಡನ ಪಕ್ಕ ಕೂರುವ ಹಾಗೆ ಇರಲಿಲ್ಲ. ಅವರು ಎಡಬದಿ, ನಾನು ಬಲಬದಿ. ಮಧ್ಯದಲ್ಲಿ ಇನ್ನೊಬ್ಬರು ಕೂರುವಷ್ಟು ಜಾಗ. ಅತ್ತೆ ತೀರಿಹೋದರು, ಆ ಅಭ್ಯಾಸ ಹೋಗಲಿಲ್ಲ. ಒಂದು ದಿನ ಹತ್ತಿರ ಕೂರಬೇಕೂಂತ ನನಗೆ ಆಸೆ ಇತ್ತು. ಯಾರು ಮೊದಲು ಸರಿಯುವುದು? ಅವರಿಗೂ ನಾಚಿಕೆ, ನನಗೂ ನಾಚಿಕೆ. ಹಾಗೇ ಹೋಗಿಬಿಟ್ಟರು." ಬಾಯಮ್ಮ ಮಖಮಲ್ಲಿನ ಮೇಲೆ ಎಡದಿಂದ ಬಲಕ್ಕೆ ಉದ್ದಕ್ಕೂ ಕೈ ಎಳೆದರು. ಕಣ್ಣಿಂದ ನೀರು ಇಳಿಯುತ್ತಿತ್ತು, ಬಾಯಿ ನಗುತ್ತಿತ್ತು. "ನಮ್ಮಿಂದ ಆಗದ್ದನ್ನು ಈ ಹುಡುಗಿ ಒಂದು ಚಾಪೆಯ ಮೇಲೆ ಮಾಡಿ ಮುಗಿಸಿದಳಲ್ಲ! ನನ್ನ ಜೇಜು ದೇವರೇ!"

ಕಣ್ಣೊರೆಸಿಕೊಂಡು, ಕೋಲನ್ನು ನೆಲಕ್ಕೆ ಕುಟ್ಟಿದರು. "ಉಬ್ಬು ತಗ್ಗು ಉಂಟಾ ಅಂತ ಮದುವೆಗೆ ಮೊದಲು ಗೊತ್ತಾಗಬೇಕು. ನೀವಿಬ್ಬರೂ ಕೂತು ನೋಡಿ. ಉಳಿದವರು ಒಳಗೆ ನಡೀರಿ."

"ನಾವಾ? ಬಾಯಮ್ಮಾ, ನಾವು ಹೇಗೆ..."

"ಕೂತ್ಕೋ ಅಂದರೆ ಕೂತ್ಕೋ ಮಾರಾಯ. ಎಂತ, ಬರವಣಿಗೆಯಲ್ಲಿ ಕೊಡ್ಬೇಕಾ?"

ಜಗಲಿ ಖಾಲಿಯಾಯಿತು. ಚೆನ್ನಪ್ಪ ಎಡಬದಿಯ ತುದಿಯಲ್ಲಿ ಕೂತ, ಮೊಟ್ಟೆಯ ಮೇಲೆ ಕೂತವನಂತೆ. ದೇಯಿ ಬಲಬದಿಯಲ್ಲಿ ಕೂತಳು. ಸೋಫಾ ಅವರಿಬ್ಬರನ್ನೂ ಮೆತ್ತಗೆ ಎತ್ತಿ ಹಿಡಿಯಿತು. ಎಲ್ಲೂ ನರಳಲಿಲ್ಲ. ತಾನು ಕಟ್ಟಿದ ಸುಖ ಹೇಗಿರುತ್ತದೆ ಎಂದು ಚೆನ್ನಪ್ಪನಿಗೆ ಗೊತ್ತಾದದ್ದು ಆಗಲೇ. ಅವನ ಕಣ್ಣು ದೊಡ್ಡದಾಯಿತು.

"ಆ ಅಂಚಿನ ಹೊಲಿಗೆ," ಎಂದ ಅವನು, ಎದುರಿನ ಕಂಬವನ್ನು ನೋಡುತ್ತಾ. "ಅದು ಸೊಟ್ಟ ಇರಲಿಲ್ಲ."

"ಗೊತ್ತುಂಟು. ನನ್ನ ಕತ್ತದಲ್ಲೂ ಗಂಟಿರಲಿಲ್ಲ."

"ನಾಳೆ ಸ್ಟೀಮರ್."

"ಅದೂ ಗೊತ್ತುಂಟು." ಅವಳಿಗೆ ತಡೆಯಲಾಗಲಿಲ್ಲ. "ಇಷ್ಟು ದಿನ ಒಂದು ಮಾತು ಕೇಳಲಿಕ್ಕೆ ನಿಮಗೆ ಎಂತ ಆಗಿತ್ತು?"

"ಹೆದರಿಕೆ," ಎಂದ ಚೆನ್ನಪ್ಪ. "ಕೇಳಿ, ಒಂದೇ ಬರಿ ಅಂತ ಆದರೆ? ಅಲ್ಲಿಗೆ ಮುಗೀತಲ್ಲ. ಕೇಳದಿದ್ದರೆ ಆಸೆಯಾದರೂ ಇರ್ತದೆ. ಅದನ್ನೇ ಇಟ್ಟುಕೊಂಡು ಬೊಂಬಾಯಿಗೆ ಹೋಗುವಾ ಅಂತ ಇದ್ದೆ." ಅವನು ಮೊದಲ ಸಲ ಅವಳ ಕಡೆ ಪೂರ್ತಿ ತಿರುಗಿದ. "ಈಗ ಕೇಳ್ತೇನೆ. ದೇಯೀ, ನಿನ್ನ ಬರಿ ಯಾವುದು?"

"ನಿಮ್ಮದಲ್ಲ," ಎಂದಳು ದೇಯಿ, ಒಂದು ಕ್ಷಣವೂ ತಡಮಾಡದೆ. "ಈ ಹೊದಿಕೆ ಬಿಚ್ಚಿದ ದಿನವೇ ನೋಣಯ್ಯಣ್ಣನ ಹತ್ತಿರ ನಿಮ್ಮ ಬರಿ ಕೇಳಿ ಇಟ್ಟುಕೊಂಡಿದ್ದೇನೆ."

ಚೆನ್ನಪ್ಪ ನಕ್ಕ. ಬರೀ ಕಣ್ಣಂಚಿನಲ್ಲಿ ಅಲ್ಲ, ಬಾಯಿ ತುಂಬ ನಕ್ಕ. ಆಮೇಲೆ ಮಧ್ಯದ ಖಾಲಿ ಜಾಗವನ್ನು ಒಮ್ಮೆ ನೋಡಿದ. ಅಂಗೈ ಇಟ್ಟು ನೋಡಲಿಲ್ಲ. ಎಡಬದಿ ಬಿಟ್ಟು, ಸರಿದು ಅವಳ ಪಕ್ಕದಲ್ಲಿ ಕೂತ.