ಅರ್ಧ ಉಳಿದ ಬಾಟಲಿ

ಬೀರುವಿನ ಬೀಗ ಹಾಕಿದಂತೆಯೇ ಇತ್ತು. ಗಿರಾಕಿಯೊಬ್ಬರು ರಿಪೇರಿಗೆ ಬಿಟ್ಟಿದ್ದ, ಬೆಲೆಬಾಳುವ ಹಳೇ ಪಿಟೀಲು ಮಾತ್ರ ಒಳಗಿರಲಿಲ್ಲ.

ಅದನ್ನು ಮೊದಲು ನೋಡಿದ್ದು ಬೆಳಿಗ್ಗೆ ಅಂಗಡಿ ತೆರೆದ ಪಿಟೀಲು ರಿಪೇರಿಯವನು. ತನ್ನ ಮೇಜಿನ ಕೆಳಗೆ ಅರ್ಧ ಖಾಲಿಯಾದ ಬ್ರಾಂದಿ ಬಾಟಲಿ ಕಂಡದ್ದೂ ಅವನೇ. ಏನನ್ನೂ ಮುಟ್ಟಲಿಲ್ಲ. ಠಾಣೆಗೆ ಫೋನ್ ಮಾಡಿ, ಬಾಟಲಿಯ ಎದುರು ಸ್ಟೂಲ್ ಹಾಕಿಕೊಂಡು ಕೂತ.

ಬಂದ ಇನ್ಸ್‌ಪೆಕ್ಟರ್ ಅವನ ಸ್ವಂತ ತಂಗಿ.

"ಇವನು ನಮ್ಮಣ್ಣ. ಮೇಲಿನವರಿಗೆ ಹೇಳಿಯೇ ಬಂದಿದ್ದೀನಿ," ಎಂದಳು, ಆಗಷ್ಟೇ ಕಾರಿನಿಂದ ಇಳಿದು ಬಂದ ಅಂಗಡಿಯ ಯಜಮಾನರಿಗೆ. "ಹೇಳಿಕೆ ಎಲ್ಲ ನಮ್ಮ ಹೆಡ್ ಕಾನ್‌ಸ್ಟೇಬಲ್ ಬರ್ಕೋತಾರೆ."

"ಬರ್ಕೊಳ್ಳೋದು ಏನಿದೆ ಮೇಡಂ? ಕುಡಿತ ಬಿಟ್ಟು ಮೂರು ವರ್ಷ ಆಯ್ತು ಅಂತ ನಂಬಿ ಬೀಗದ ಕೈ ಕೊಟ್ಟೆ. ನಿನ್ನೆ ಮಧ್ಯಾಹ್ನವೇ ಮಗಳ ಊರಿಗೆ ಹೋದವನು ಈಗ ಬರ್ತಿದ್ದೀನಿ. ಕುಡಿದು, ಪಿಟೀಲು ಮಾರ್ಕೊಂಡಿದ್ದಾನೆ. ನಾಯಿ ಬಾಲ ಡೊಂಕೇ."

"ನಾನಲ್ಲ ಪುಟ್ಟಿ," ಎಂದ ಅಣ್ಣ, ಅಷ್ಟೇ.

*

ಹಿಂದಿನ ಕಿಟಕಿಯ ಚಿಲಕ ಹಾಕಿರಲಿಲ್ಲ. ಹೆಡ್ ಕಾನ್‌ಸ್ಟೇಬಲ್ ಹಿಗ್ಗಿದರು. ಆದರೆ ಚೌಕಟ್ಟಿಗೆ ಅಡ್ಡಲಾಗಿ ಜೇಡರ ಬಲೆ ಹರಿಯದೆ ನಿಂತಿತ್ತು. ಆ ದಾರಿ ಅಲ್ಲಿಗೆ ಮುಚ್ಚಿತು.

ತಂಗಿ ಬಾಟಲಿಯ ಮುಂದೆ ಕುಕ್ಕರಗಾಲಲ್ಲಿ ಕೂತಳು.

ಚಿಕ್ಕಂದಿನಲ್ಲಿ ಅಣ್ಣ ಬಚ್ಚಿಟ್ಟ ಬಾಟಲಿ ಹುಡುಕುವ ಕೆಲಸವನ್ನು ಅಮ್ಮ ಅವಳಿಗೇ ವಹಿಸಿದ್ದಳು. ಹಿಟ್ಟಿನ ಡಬ್ಬ, ಹಾಸಿಗೆಯ ಸುರುಳಿ, ನೀರಿನ ಟ್ಯಾಂಕು. ಪೊಲೀಸ್ ತರಬೇತಿ ಅರ್ಧ ಮನೆಯಲ್ಲೇ ಮುಗಿದಿತ್ತು. ಅದೇ ಅಣ್ಣ ನಡುಗುವ ಕೈಯಲ್ಲೇ ಅವಳ ಜಡೆ ಹೆಣೆದು ಶಾಲೆಗೆ ಬಿಟ್ಟು ಬರುತ್ತಿದ್ದ. ಆಮೇಲೆ ಮೂರು ಸಲ ಬಿಟ್ಟ, ಮೂರು ಸಲ ಬಿದ್ದ. ನಾಲ್ಕನೇ ಸಲ ಎದ್ದು ನಿಂತ.

"ನಮ್ಮನೇಲಿ ಸಿಕ್ಕ ಒಂದು ಬಾಟಲಿಯಲ್ಲೂ ತೊಟ್ಟು ಉಳಿದಿರಲಿಲ್ಲ," ಎಂದಳು. "ಅರ್ಧಕ್ಕೆ ಏಳೋದು ಇವನಿಗೆ ಬರಲ್ಲ. ಕುಡಿದ್ರೆ ಪೂರ್ತಿ, ಬಿಟ್ರೆ ಪೂರ್ತಿ. ಇದನ್ನ ಇಲ್ಲಿಟ್ಟವರಿಗೆ ಕುಡಿತದ ಗಂಧಗಾಳಿ ಇಲ್ಲ."

"ತಂಗಿ ಮಾತು ಕೋರ್ಟಲ್ಲಿ ನಿಲ್ಲುತ್ತಾ?" ಯಜಮಾನರು ನಕ್ಕರು.

"ನಿಲ್ಲಲ್ಲ. ಅದಕ್ಕೇ ಈ ಬಾಟಲಿ ಕೊಂಡವರನ್ನ ಹುಡುಕ್ತೀವಿ."

ಹೆಡ್ ಕಾನ್‌ಸ್ಟೇಬಲ್ ಪಕ್ಕದ ಬೀದಿಯ ಬ್ರಾಂದಿ ಅಂಗಡಿಗೆ ಹೊರಟರು.

*

ಬ್ರಾಂದಿ ಅಂಗಡಿಯವನು ಬಂದು ನೇರವಾಗಿ ಯಜಮಾನರತ್ತ ಕೈ ತೋರಿಸಿದ.

"ನಿನ್ನೆ ಸಂಜೆ ಇವರೇ ತಗೊಂಡ್ರು. ಇಷ್ಟು ವರ್ಷ ನಮ್ಮ ಕಡೆ ತಲೆ ಹಾಕದವರು ಬಂದು, 'ಸಾಮಾನ್ಯವಾಗಿ ಜನ ಯಾವುದು ಕುಡೀತಾರಪ್ಪ?' ಅಂತ ಕೇಳಿದ್ರು. ಮರೆಯೋದು ಹೇಗೆ?"

ಯಜಮಾನರ ನಗು ಇಂಗಿತು.

"ಮಧ್ಯಾಹ್ನವೇ ಊರು ಬಿಟ್ಟವರು ಸಂಜೆ ಬ್ರಾಂದಿ ಕೊಂಡಿದ್ದೀರ," ಎಂದಳು ಇನ್ಸ್‌ಪೆಕ್ಟರ್. "ಯಾವ ಬೀಗವೂ ಮುರಿದಿಲ್ಲ. ಬೀಗದ ಕೈ ಇರೋದು ಇಬ್ಬರ ಹತ್ತಿರ. ಒಬ್ಬ ತಾನಾಗೇ ನಮ್ಮನ್ನ ಕರೆದ. ಇನ್ನೊಬ್ಬರು ಸುಳ್ಳು ಹೇಳಿದ್ರು. ಕಾರಿನ ಡಿಕ್ಕಿ ತೆಗೀರಿ."

ಪಿಟೀಲು ಕಂಬಳಿಯೊಳಗಿತ್ತು. ಅಂದೇ ಸಂಜೆ ಅದು ಕೊಳ್ಳುವವನ ಕೈ ಸೇರಬೇಕಿತ್ತು. ಹಳೇ ಕುಡುಕನೊಬ್ಬ ಅಂಗಡಿಯಲ್ಲೇ ಇರುವಾಗ ತಮ್ಮನ್ನು ಯಾರು ಅನುಮಾನಿಸುತ್ತಾರೆ ಎಂಬುದು ಯಜಮಾನರ ಲೆಕ್ಕ.

*

ಜೀಪು ಹೋದ ಮೇಲೆ ಅಣ್ಣ ತಂಗಿ ಇಬ್ಬರೇ ಉಳಿದರು.

"ಅದನ್ನ ಚರಂಡಿಗೆ ಸುರಿದುಬಿಟ್ಟಿದ್ರೆ ನಿನ್ನ ಮೇಲೆ ಯಾರೂ ಬೆರಳು ತೋರಿಸ್ತಿರಲಿಲ್ಲ ಅಲ್ವೇನೋ?"

"ಸುರಿಯೋಕೆ ಕೈಗೆ ತಗೋಬೇಕಲ್ಲ ಪುಟ್ಟಿ," ಎಂದ ಅಣ್ಣ. "ಸುಮ್ನೆ ಕೂತೆ. ನೀನು ಬರೋವರೆಗೆ ತಾನೇ, ಅಂದ್ಕೊಂಡೆ."

ಕತ್ತಿ ಹಿಡಿದವರ ಎದುರು ನಿಂತವರನ್ನೂ ಕಂಡಿದ್ದಳು ಇನ್ಸ್‌ಪೆಕ್ಟರ್; ಬಾಟಲಿಯ ಎದುರು ಹೀಗೆ ಕೂತವರನ್ನು ಕಂಡಿರಲಿಲ್ಲ. ಟೋಪಿ ತೆಗೆದಳು. ಇನ್ನೊಂದು ಸ್ಟೂಲ್ ಎಳೆದುಕೊಂಡು ಅಣ್ಣನ ಪಕ್ಕದಲ್ಲಿ ಕೂತಳು.