ಗುಬ್ಬಿಯಿಂದ ಬಂದ ಸ್ಪೀಕರ್

“ಸ್ಕ್ರೂ ಎಲ್ಲಾ ತಟ್ಟೆಗೆ ಹಾಕ್ಕೊಳೇ. ಒಂದು ಕಳೆದ್ರೂ ಅಂಥದ್ದು ಇನ್ನೊಂದು ಸಿಗಲ್ಲ,” ಎಂದರು ಅಪ್ಪ.

ಕೃತಿಕಾ ಸ್ಟೀಲ್ ತಟ್ಟೆ ಹಿಡಿದು ನಡುಮನೆಯ ಚಾಪೆಯ ಮೇಲೆ ಕೂತಿದ್ದಳು. ಅವಳ ಮುಂದೆ ಗಿಟಾರಿನ ಆಂಪ್ ಬೋರಲಾಗಿ ಮಲಗಿತ್ತು. ಅಪ್ಪ ಅದರ ಹಿಂದಿನ ಹಲಗೆಯ ಸ್ಕ್ರೂಗಳನ್ನು ಒಂದೊಂದಾಗಿ ಬಿಚ್ಚಿ ಕೊಡುತ್ತಿದ್ದರು. ಟಿಣ್, ಟಿಣ್ ಎಂದು ಅವು ತಟ್ಟೆಗೆ ಬೀಳುತ್ತಿದ್ದವು.

ಅವತ್ತು ಭಾನುವಾರ. ಕೃತಿಕಾಳ ಅಪ್ಪ ಹನುಮಂತರಾಜು ಪ್ರೈವೇಟ್ ಬಸ್ ಡ್ರೈವರ್. ತುಮಕೂರಿನಿಂದ ಹೊರಟು, ಹೆಬ್ಬೂರು, ಕುಣಿಗಲ್ ದಾಟಿ ಅಮೃತೂರಿಗೆ ಹೋಗಿ ಬರುವುದು ಅವರ ಕೆಲಸ. ವಾರಕ್ಕೆ ಒಂದೇ ರಜೆ. ರಜೆಯ ದಿನ ಎಷ್ಟು ಕೂಗಿದರೂ ಏಳದವರು ಇವತ್ತು ಕಾಫಿಗೂ ಮುಂಚೆ ಸ್ಕ್ರೂಡ್ರೈವರ್ ಹುಡುಕಿದ್ದರು.

ಅಪ್ಪನ ಖುಷಿ ನೋಡಲಾಗದೆ ಕೃತಿಕಾ ತಟ್ಟೆಯ ಸ್ಕ್ರೂಗಳನ್ನೇ ಮತ್ತೆ ಮತ್ತೆ ಎಣಿಸುತ್ತಿದ್ದಳು.

ಆ ಗಿಟಾರ್, ಆ ಆಂಪ್ ಎರಡೂ ಕನಕರಾಜು ಮಾವನವು. ಮಾವ ಎಂದರೆ ಅಮ್ಮನ ತಮ್ಮ. ಕೃತಿಕಾಗೆ ಗಿಟಾರ್ ಹಿಡಿಯಲು ಕಲಿಸಿದ್ದೇ ಅವರು. ರಾಯಚೂರಿಗೆ ಟ್ರಾನ್ಸ್‌ಫರ್ ಆದಾಗ, “ನೀನೇ ಇಟ್ಕೋ ಪುಟ್ಟಿ, ಬಿಡದೆ ಬಾರಿಸ್ತಿರು,” ಎಂದು ಕೊಟ್ಟು ಹೋಗಿದ್ದರು. ಆಂಪ್ ಎಂದರೆ ಗಿಟಾರಿನ ಸದ್ದನ್ನು ದೊಡ್ಡದು ಮಾಡುವ ಪೆಟ್ಟಿಗೆ. ಇದು ಕಡಿಮೆ ರೇಟಿನ ಪುಟ್ಟ ಆಂಪ್. ಏನೇ ನುಡಿಸಿದರೂ, ಡಬ್ಬದೊಳಗೆ ಬಟಾಣಿ ಹಾಕಿ ಅಲ್ಲಾಡಿಸಿದ ಹಾಗೆ ಕೇಳುತ್ತಿತ್ತು.

ತೊಂದರೆ ಶುರುವಾಗಿದ್ದು ಗುರುವಾರ, ಸ್ಕೂಲ್ ಡೇ ಪ್ರಾಕ್ಟೀಸಿನಲ್ಲಿ.

ಐದನೇ ಕ್ಲಾಸಿನವರ ಗುಂಪು ಹಾಡಿಗೆ ಪ್ರೇಮಲತಾ ಮಿಸ್ ಹಾರ್ಮೋನಿಯಂ, ಕೃತಿಕಾ ಗಿಟಾರ್. ಹಾಡಿನಲ್ಲಿ ಬರುವುದು ನಾಲ್ಕೇ ಕಾರ್ಡ್. ತಂತಿಗಳನ್ನು ಒಟ್ಟಿಗೆ ಒತ್ತಿ ಹಿಡಿದು ಬಾರಿಸುವುದಕ್ಕೆ ಗಿಟಾರಿನವರು ಕಾರ್ಡ್ ಅನ್ನುತ್ತಾರೆ. ಮೂರು ಸುಲಭದವು. ನಾಲ್ಕನೆಯದು ‘ಎಫ್’. ಅದು ಬಂದಾಗಲೆಲ್ಲ ಬುರ್ರ್ ಎಂದು ಸದ್ದಾಗುತ್ತಿತ್ತು. ಹಿಂದಿನ ಸಾಲಿನ ಹುಡುಗರು ಕಿಸಕ್ಕನೆ ನಗುತ್ತಿದ್ದರು.

ಮೂರನೇ ಸಲ ಮಿಸ್ ಹಾರ್ಮೋನಿಯಂ ನಿಲ್ಲಿಸಿದರು.

“ಏನಮ್ಮ ಅದು, ಜೀರುಂಡೆ ಇಟ್ಕೊಂಡಿದೀಯಾ ಒಳಗೆ?”

ಎಲ್ಲರೂ ಜೋರಾಗಿ ನಕ್ಕರು. ಕೃತಿಕಾಳ ಕಿವಿ ಬಿಸಿಯಾಯಿತು.

“ನಂದಲ್ಲ ಮಿಸ್. ಸ್ಪೀಕರ್ ಸರಿ ಇಲ್ಲ,” ಎಂದುಬಿಟ್ಟಳು.

“ಹೌದಾ? ಹಾಗಾದ್ರೆ ಸೋಮವಾರದೊಳಗೆ ರಿಪೇರಿ ಮಾಡಿಸ್ಕೊಂಡು ಬಾ. ಆಗ್ಲಿಲ್ಲ ಅಂದ್ರೆ ಈ ಸಲ ಬರೀ ಹಾರ್ಮೋನಿಯಂ ಇಟ್ಕೊಳೋಣ. ಬೇಜಾರು ಮಾಡ್ಕೋಬೇಡ.”

ಮನೆಯಲ್ಲೂ ಕೃತಿಕಾ ಅದನ್ನೇ ಹೇಳಿದಳು. ಪೂರ್ತಿ ಸುಳ್ಳೇನೂ ಅಲ್ಲವಲ್ಲ! ಸ್ಪೀಕರಿನ ಕಾಗದದ ಅಂಚು ಒಂದು ಕಡೆ ಹರಿದಿತ್ತು. ಎಲ್ಲ ಕಾರ್ಡೂ ಸ್ವಲ್ಪ ಗರಗರ ಅನ್ನುತ್ತಿದ್ದವು. ಎಫ್ ಯಾಕೆ ಅಷ್ಟು ಜಾಸ್ತಿ ಅನ್ನುತ್ತದೆ ಎಂದು ಮಾತ್ರ ಅವಳು ಯೋಚಿಸಲು ಹೋಗಲಿಲ್ಲ.

ಅಪ್ಪ ಶುಕ್ರವಾರವೇ ಬಸ್ಸಿನ ಹಳೇ ಸ್ಪೀಕರ್ ಒಂದನ್ನು ಚೀಲದಲ್ಲಿ ಹಾಕಿಕೊಂಡು ಬಂದರು. ಅಮ್ಮ ಶಶಿರೇಖಾ, “ಮೊದ್ಲು ನನ್ನ ತಮ್ಮನ್ನ ಒಂದ್ ಮಾತು ಕೇಳ್ರೀ,” ಎಂದು ರಾಯಚೂರಿಗೆ ಫೋನ್ ಹಚ್ಚಿದರು.

“ಬೇಡ ಭಾವ,” ಎಂದರು ಮಾವ. “ಬಸ್ಸಿಂದು ನಾಲ್ಕು ಓಮ್, ಅಂದ್ರೆ ಕರೆಂಟಿಗೆ ತಡೆ ಕಮ್ಮಿ. ಆಂಪ್ ಹಿಂದೆ ನೋಡಿ, ಎಂಟು ಅಂತ ಬರೆದಿರುತ್ತೆ. ನಾಲ್ಕರದು ಹಾಕಿದ್ರೆ ಆಂಪ್ ಬಿಸಿಯಾಗಿ ಸುಟ್ಟು ಹೋಗುತ್ತೆ. ಎಂಟರದೇ ಬೇಕು. ಸೈಜು ಆರೂವರೆ ಇಂಚು.”

ಶನಿವಾರ ಮಧ್ಯಾಹ್ನದ ಟ್ರಿಪ್ಪನ್ನು ಇನ್ನೊಬ್ಬ ಡ್ರೈವರಿಗೆ ಒಪ್ಪಿಸಿ, ಅಪ್ಪ ಕೃತಿಕಾಳನ್ನು ಸ್ಕೂಲಿನ ಗೇಟಿನಿಂದಲೇ ಕರೆದುಕೊಂಡು ಊರೆಲ್ಲ ತಿರುಗಿದರು. ತುಮಕೂರಿನ ಅಂಗಡಿಗಳಲ್ಲಿ ಇದ್ದದ್ದೆಲ್ಲ ಕಾರಿನ ಸ್ಪೀಕರ್. ಕೊನೆಗೆ ಯಾರೋ ಗುಬ್ಬಿಯ ವೆಂಕಟರಂಗಯ್ಯನವರ ರೇಡಿಯೋ ಅಂಗಡಿಯ ಹೆಸರು ಹೇಳಿದರು. ಇಬ್ಬರೂ ಬಸ್ ಹತ್ತಿ ಗುಬ್ಬಿಗೆ ಹೋದರು.

ವೆಂಕಟರಂಗಯ್ಯ ಅಟ್ಟದಿಂದ ಒಂದು ರಟ್ಟಿನ ಡಬ್ಬ ಇಳಿಸಿ ಧೂಳು ಊದಿದರು. ಒಳಗೆ ಹೊಸದಾಗಿಯೇ ಉಳಿದ ಒಂದು ಸ್ಪೀಕರ್. ಹಿಂದೆ ಚಪಾತಿ ಹಿಟ್ಟಿನ ಉಂಡೆಯಷ್ಟು ದಪ್ಪನೆಯ ಅಯಸ್ಕಾಂತ. ಅಪ್ಪ ಓದಿ ನೋಡಿದರು. ಎಂಟು ಓಮ್, ಆರೂವರೆ ಇಂಚು.

ಕೊತ್ತಂಬರಿ ಸೊಪ್ಪಿಗೂ ಚೌಕಾಸಿ ಮಾಡುವ ಅಪ್ಪ ಅಲ್ಲಿ ಒಂದು ಮಾತೂ ಆಡದೆ ಹೇಳಿದಷ್ಟು ಕೊಟ್ಟರು. ಬರುವಾಗ ಬಸ್ಸಿನಲ್ಲಿ ಆ ಡಬ್ಬವನ್ನು ತೊಡೆಯ ಮೇಲೆ ಇಟ್ಟುಕೊಂಡು, “ಇನ್ನೇನು ಮಗಾ, ನಿಮ್ಮ ಮಿಸ್ಸು ಬಾಯಿ ಬಿಟ್ಕೊಂಡು ಕೇಳ್ಬೇಕು,” ಎಂದರು.

ಹೊಸದರಲ್ಲೂ ಎಫ್ ಬುರ್ರ್ ಅಂದರೆ ಎಂದು ಆಗಲೇ ಕೃತಿಕಾಗೆ ಒಳಗೊಳಗೇ ಹೆದರಿಕೆ ಶುರುವಾಗಿತ್ತು.

ಇವತ್ತು ಬೆಳಿಗ್ಗೆ, ಅಪ್ಪ ಹಿತ್ತಲಲ್ಲಿ ಹಲ್ಲುಜ್ಜುತ್ತಿದ್ದಾಗ, ಅವಳು ಮಾವನ ಹಳೇ ಹೆಡ್‌ಫೋನ್ ಹುಡುಕಿ ತೆಗೆದು ಆಂಪಿಗೆ ಸಿಕ್ಕಿಸಿದ್ದಳು. ಹೆಡ್‌ಫೋನ್ ಹಾಕಿದರೆ ಸ್ಪೀಕರ್ ಮಾತಾಡುವುದಿಲ್ಲ. ಸದ್ದೆಲ್ಲ ನೇರ ಕಿವಿಗೆ ಬರುತ್ತದೆ. ಅವಳು ಎಫ್ ಹಿಡಿದು ಬಾರಿಸಿದಳು.

ಬುರ್ರ್.

ಅಂದರೆ ಸ್ಪೀಕರಿಲ್ಲದೆಯೂ ಬುರ್ರ್! ಅಷ್ಟರಲ್ಲಿ ಅಪ್ಪನ ಚಪ್ಪಲಿ ಸದ್ದು ಕೇಳಿತು. ಕೃತಿಕಾ ಹೆಡ್‌ಫೋನ್ ಕಿತ್ತು ಮಂಚದ ಕೆಳಗೆ ತಳ್ಳಿ, ಏನೂ ಗೊತ್ತಿಲ್ಲದವಳ ಹಾಗೆ ತಟ್ಟೆ ತರಲು ಓಡಿದ್ದಳು.

“ಯಾವ ಲೋಕದಲ್ಲಿದೀಯಾ? ಕೆಂಪು ವೈರ್ ಹಿಡ್ಕೋ,” ಎಂದರು ಅಪ್ಪ.

ಹಳೇ ಸ್ಪೀಕರ್ ಹೊರಗೆ ಬಂದಿತ್ತು. ಹೊಸದರ ಮುಂದೆ ಅದು ಆಟದ ಸಾಮಾನಿನ ಹಾಗೆ ಹಗುರ. ಅಪ್ಪ ಹೊಸದನ್ನು ಕೂರಿಸಿ, ಕೆಂಪು ವೈರನ್ನು ಕೆಂಪು ಚುಕ್ಕೆಯ ಕಡೆಗೆ, ಕಪ್ಪನ್ನು ಇನ್ನೊಂದು ಕಡೆಗೆ ಸಿಕ್ಕಿಸಿದರು. ಮೂರು ಸ್ಕ್ರೂಗಳ ತೂತು ಸರಿಯಾಗಿ ಕೂತವು, ನಾಲ್ಕನೆಯದು ಕೂರಲಿಲ್ಲ. ಮೊಳೆ ಇಟ್ಟು ಹೊಸ ತೂತು ಮಾಡುವಾಗ ಸುತ್ತಿಗೆ ಜಾರಿ ಹೆಬ್ಬೆರಳಿಗೆ ಬಿತ್ತು.

“ಅಯ್ಯೋ ಅಪ್ಪಾ!”

“ಏನಿಲ್ಲ ಬುಡು.” ಅಪ್ಪ ಬೆರಳನ್ನು ಬಾಯಲ್ಲಿಟ್ಟು ಚೀಪಿ ಮತ್ತೆ ಸ್ಕ್ರೂಡ್ರೈವರ್ ತೆಗೆದುಕೊಂಡರು.

ಕೊನೆಗೆ ಆಂಪ್ ಎದ್ದು ನಿಂತಿತು. ಅಪ್ಪ ಸ್ವಿಚ್ ಹಾಕಿದರು. ಕೆಂಪು ದೀಪ ಹತ್ತಿತು. ಅಡುಗೆಮನೆಯಿಂದ ಅಮ್ಮ ಸೌಟು ಹಿಡಿದೇ ಬಂದು ನಿಂತರು.

“ಬಾರ್ಸು ಮಗಾ.”

ಕೃತಿಕಾ ತಂತಿ ಮೀಟಿದಳು. ಸದ್ದೇ ಇಲ್ಲ. ಅಪ್ಪ ವಾಲ್ಯೂಮ್ ತಿರುಗಿಸಿದರು. ಇಲ್ಲ. ಗಿಟಾರಿನ ವೈರ್ ಕಿತ್ತು ಮತ್ತೆ ಹಾಕಿದರು. ಊಹೂಂ.

“ಇದ್ದಿದ್ದನ್ನೂ ಕೆಡಿಸಿದ್ರಾ?” ಎಂದರು ಅಮ್ಮ.

ಅಪ್ಪ ಸ್ವಿಚ್ ಆರಿಸಿ ಮತ್ತೆ ಹಾಕಿ ನೋಡಿದರು.

ಕೃತಿಕಾಗೆ ಮೊದಲು ಅನ್ನಿಸಿದ್ದು, ಸದ್ಯ! ಆಂಪೇ ಕೆಟ್ಟರೆ ಸೋಮವಾರ ನುಡಿಸುವುದೇ ಬೇಡ. ಎಫ್ ಕೆಟ್ಟದ್ದು ಯಾರ ತಪ್ಪು ಎಂದು ಯಾರಿಗೂ ಗೊತ್ತಾಗುವುದೇ ಇಲ್ಲ.

ಆಮೇಲೆ ಅವಳ ಕಣ್ಣು ಆಂಪಿನ ಮೇಲ್ಗಡೆಯ ಬಟನ್‌ಗಳ ಸಾಲಿಗೆ ಹೋಯಿತು. ಕೊನೆಯ ತೂತಿನಲ್ಲಿ ಒಂದು ಸಣ್ಣ ಲೋಹದ ತುಂಡು ಮೂತಿ ಹೊರಗೆ ಹಾಕಿ ಕೂತಿತ್ತು. ಹೆಡ್‌ಫೋನಿನ ಅಡಾಪ್ಟರ್! ಹೆಡ್‌ಫೋನಿನ ಪಿನ್ ಸಣ್ಣದು, ಆಂಪಿನ ತೂತು ದೊಡ್ಡದು, ಅದಕ್ಕೇ ನಡುವೆ ಹಾಕುವ ತುಂಡು ಅದು. ಬೆಳಿಗ್ಗೆ ಗಡಿಬಿಡಿಯಲ್ಲಿ ವೈರ್ ಎಳೆದಾಗ ಅದು ಅಲ್ಲೇ ಉಳಿದಿತ್ತು. ಅದು ಇರುವ ತನಕ ಸ್ಪೀಕರ್ ಬಾಯಿ ಬಿಡುವುದಿಲ್ಲ. ಅಪ್ಪನಿಗೆ ಅದು ಆಂಪಿನದೇ ಭಾಗ ಅನ್ನಿಸಿರಬೇಕು.

ಕೃತಿಕಾ ಕಣ್ಣನ್ನು ಬೇರೆ ಕಡೆ ತಿರುಗಿಸಿದಳು.

ಅಪ್ಪ ಮತ್ತೆ ಆಂಪನ್ನು ಬೋರಲು ಹಾಕಲು ಬಗ್ಗಿದರು. “ಎಲ್ಲೋ ವೈರ್ ಕಿತ್ತಿರ್ಬೇಕು. ನಾನೇ ಎಳೆದೆನೇನೋ. ಗೊತ್ತಿಲ್ಲದ ಕೆಲ್ಸಕ್ಕೆ ಕೈ ಹಾಕ್ಬಾರ್ದು,” ಎಂದರು. ಅವರ ಹೆಬ್ಬೆರಳು ನೀಲಿಯಾಗಿ ಊದಿತ್ತು.

“ಅಪ್ಪಾ, ಇರಿ.”

ಕೃತಿಕಾ ಕೈ ಚಾಚಿ ಅಡಾಪ್ಟರ್ ಕಿತ್ತಳು. ಟಪ್ ಎಂದು ಸ್ಪೀಕರ್ ಜೀವ ಬಂದ ಹಾಗೆ ಒಂದು ಸದ್ದು ಮಾಡಿತು.

“ಏನೇ ಅದು?”

“ಹೆಡ್‌ಫೋನಿಂದು. ಬೆಳಿಗ್ಗೆ ನಾನೇ ಹಾಕಿದ್ದೆ.”

ಅವಳು ತಂತಿ ಮೀಟಿದಳು. ಮನೆ ತುಂಬಿತು. ಬಟಾಣಿಯೂ ಇಲ್ಲ, ಡಬ್ಬವೂ ಇಲ್ಲ. ದುಂಡಗೆ, ಮೆತ್ತಗೆ, ಕೊನೆಯವರೆಗೂ ಕೇಳುವಂಥ ಸದ್ದು. ಅಪ್ಪ ಗೋಡೆಗೆ ಒರಗಿ ಉಸ್ಸಪ್ಪಾ ಎಂದು ಕೂತರು.

“ನಮ್ಮ ಡಬ್ಬಾನೇ ಏನ್ರೀ ಇದು?” ಎಂದರು ಅಮ್ಮ. “ಹಾಡು ಬಾರ್ಸೇ, ಕೇಳೋಣ.”

ಒಂದನೇ ಕಾರ್ಡ್ ಚೆನ್ನಾಗಿತ್ತು. ಎರಡನೆಯದೂ, ಮೂರನೆಯದೂ. ಎಫ್ ಬಂತು.

ಬುರ್ರ್.

ಇಷ್ಟು ಸ್ಪಷ್ಟವಾಗಿ ಅದು ಯಾವತ್ತೂ ಕೇಳಿರಲಿಲ್ಲ. ಕೃತಿಕಾ ತಲೆ ತಗ್ಗಿಸಿದಳು.

“ಸ್ಪೀಕರಲ್ಲ ಅಪ್ಪಾ. ನಾನೇ. ಹೆಡ್‌ಫೋನಲ್ಲೂ ಹಿಂಗೇ ಬಂತು. ನಿಮಗೆ ಹೇಳ್ಲಿಲ್ಲ. ಸುಮ್ನೆ ಗುಬ್ಬಿಗೆಲ್ಲಾ ಹೋಗಿ...”

ಅಪ್ಪ ಬೈಯಲಿಲ್ಲ. ತಲೆ ಓರೆ ಮಾಡಿದರು. ಬಸ್ಸಿನಲ್ಲಿ ಏನಾದರೂ ಸದ್ದು ಬಂದರೆ ಹಾಗೇ ಮಾಡುವುದು ಅವರು.

“ಹಳೇ ಸ್ಪೀಕರೂ ಹರಿದಿತ್ತಲ್ಲ, ಸುಮ್ನೇನಲ್ಲ ಬುಡು. ಇನ್ನೊಂದ್ ಸಲ ಹೊಡಿ. ಎಲ್ಲಾ ಒಟ್ಟಿಗೆ ಬೇಡ, ಒಂದೊಂದೇ ತಂತಿ.”

ಕೃತಿಕಾ ಎಫ್ ಹಿಡಿದು ಮೇಲಿನಿಂದ ಒಂದೊಂದೇ ತಂತಿ ಮೀಟಿದಳು. ಚೆನ್ನಾಗಿದೆ. ಚೆನ್ನಾಗಿದೆ. ಇದೂ ಚೆನ್ನಾಗಿದೆ. ಕೊನೆಯದಕ್ಕೆ ಹಿಂದಿನದು, ಬುರ್ರ್. ಕೊನೆಯದು ಮತ್ತೆ ಚೆನ್ನಾಗಿದೆ.

“ಅದೊಂದೇ ಕಣೇ!” ಎಂದರು ಅಪ್ಪ. “ಬಸ್ಸಲ್ಲಿ ಎಲ್ಲಾ ಕಿಟಕಿನೂ ಗಡಗಡ ಅಂತಿದ್ರೆ ಯಾವ್ದು ಲೂಸು ಅಂತ ಹೆಂಗ್ ಹೇಳ್ತೀಯಾ? ಮಿಕ್ಕಿದ್ದೆಲ್ಲ ಸುಮ್ನಾದ್ಮೇಲೇ ಅದು ಸಿಗಾಕ್ಕೊಳೋದು.”

ಒಂದೇ ತಂತಿ! ಕೃತಿಕಾ ಬಗ್ಗಿ ನೋಡಿದಳು. ಎಫ್‌ಗೆ ಎಲ್ಲ ತಂತಿಗೂ ಅಡ್ಡಲಾಗಿ ಮಲಗಿಸುವ ತೋರುಬೆರಳಿನ ಮಡಿಕೆ ಸರಿಯಾಗಿ ಆ ತಂತಿಯ ಮೇಲೆ ಕೂತಿತ್ತು. ಅಲ್ಲಿ ಬೆರಳು ತಂತಿಯನ್ನು ಗಟ್ಟಿಯಾಗಿ ಒತ್ತುತ್ತಲೇ ಇರಲಿಲ್ಲ. ಅವಳು ಬೆರಳನ್ನು ಕೂದಲೆಳೆಯಷ್ಟು ಹೊರಳಿಸಿ ಒತ್ತಿದಳು. ಬುರ್ರ್. ಇನ್ನೂ ಸ್ವಲ್ಪ. ಟಪ್. ಮತ್ತೆ.

ಟಿಂಯ್!

ಅಮ್ಮ ಸೌಟನ್ನು ಮೇಲಕ್ಕೆತ್ತಿದರು. ಅಪ್ಪ ಊದಿದ ಬೆರಳು ಮರೆತು ಚಪ್ಪಾಳೆ ತಟ್ಟಿ, “ಸ್ಸ್!” ಎಂದು ಕೈ ಒದರಿದರು. ಮೂವರಿಗೂ ನಗು ಬಂತು. ಕೃತಿಕಾಗೆ ಒಮ್ಮೆಲೇ ವಿಪರೀತ ಹಸಿವಾಯಿತು.

ಸೋಮವಾರ ಪ್ರಾಕ್ಟೀಸಿಗೆ ಮುಂಚೆ ಪ್ರೇಮಲತಾ ಮಿಸ್ ಕೇಳಿದರು, “ಏನಮ್ಮ, ಸ್ಪೀಕರ್ ರಿಪೇರಿ ಆಯ್ತಾ?”

“ಹೊಸದೇ ಹಾಕಿದ್ವಿ ಮಿಸ್. ಅದು ಸರಿಯಾಯ್ತು. ನನ್ನ ಒಂದು ಬೆರಳು ಮಾತ್ರ ಇನ್ನೂ ಸ್ವಲ್ಪ ರಿಪೇರಿ ಆಗ್ಬೇಕು.”

ಮಿಸ್ ಕನ್ನಡಕದ ಮೇಲಿನಿಂದ ಅವಳನ್ನು ನೋಡಿದರು. “ಸ್ಕೂಲ್ ಡೇವರೆಗೂ ಟೈಮ್ ಇದೆ. ಶುರು ಮಾಡೋಣ,” ಎಂದು ಹಾರ್ಮೋನಿಯಂ ಮೇಲೆ ಕೈಯಿಟ್ಟರು.

ಹಾಡು ಶುರುವಾಯಿತು. ಎಫ್ ಬಂತು, ಹೋಯಿತು, ಯಾರಿಗೂ ಗೊತ್ತೇ ಆಗಲಿಲ್ಲ. ಇನ್ನೊಂದು ಸಲ ಬಂತು, ಹೋಯಿತು. ಕೊನೆಯ ಸಾಲಿಗೆ ಹೋಗುವಾಗ ಮಾತ್ರ ಸಣ್ಣದಾಗಿ, ಬುರ್ರ್.

ಹಿಂದಿನ ಸಾಲಿನ ಹುಡುಗರು ಆಂಪಿನ ಕಡೆ ನೋಡಿದರು. ಕೃತಿಕಾ ತನ್ನ ತೋರುಬೆರಳಿನ ಕಡೆ ನೋಡಿದಳು. ಅದನ್ನು ಒಂದಿಷ್ಟು ಹೊರಳಿಸಿಕೊಂಡು, ನಿಲ್ಲಿಸದೆ, ಹಾಡಿನ ಜೊತೆ ಮುಂದಕ್ಕೆ ಹೋದಳು.