ಬುಟ್ಟಿ ಹೊರೋಳು

"ಮೈಕಲ್ಲಿ ಅಂದಿದ್ದನ್ನ ಈಗ ನನ್ನ ಮುಖ ನೋಡ್ಕೊಂಡು ಅನ್ನು."

ಹರ್ಷಿತ ಎಸೆದ ಬಾಲ್ ಬೀರೇಶನ ಎದೆಗೆ ಬಡಿದು ಉರುಳಿತು. ದೇವನಹಳ್ಳಿಯ ಕಾಲೇಜು ಮೈದಾನದಲ್ಲಿ ಬಾಸ್ಕೆಟ್‌ಬಾಲ್ ಪಂದ್ಯ ಆಗಷ್ಟೇ ಮುಗಿದಿತ್ತು. ಹರ್ಷಿತಳ ತಂಡವೇ ಗೆದ್ದಿತ್ತು. ಆದರೂ ಅವಳ ಕಣ್ಣು ಕೆಂಪಾಗಿತ್ತು.

ಬೀರೇಶ್ ಕೊನೆಯ ವರ್ಷದವನು, ಪಂದ್ಯಗಳಿಗೆ ಕಾಮೆಂಟರಿ ಹೇಳುವವನು. ಅಲ್ಲಿಯವರೆಗೆ ಅವಳೊಡನೆ ಒಂದು ಮಾತೂ ಆಡಿದವನಲ್ಲ. ಮೈಕ್ ಇನ್ನೂ ಕೈಯಲ್ಲೇ ಇತ್ತು.

"ನಾನು ಹೊಗಳಿದ್ದು ಹರ್ಷಿತ..."

"'ಸಿಂಧು ಬುಟ್ಟಿ ತುಂಬಿಸೋಳು, ಹರ್ಷಿತ ಬುಟ್ಟಿ ಹೊರೋಳು.' ಇದು ಹೊಗಳಿಕೆನಾ? ನಮ್ಮಮ್ಮ ಪಕ್ಕದ ವಿಜಯಪುರದಲ್ಲಿ ಸೊಪ್ಪಿನ ಬುಟ್ಟಿ ಹೊರ್ತಾಳೆ ಅಂತ ಯಾರು ಹೇಳಿದ್ರು ನಿಂಗೆ?"

ಅವನಿಗೆ ಯಾರೂ ಹೇಳಿರಲಿಲ್ಲ. ಈಗ ಅವಳೇ ಕೂಗಿ ಹೇಳಿದ್ದು ಸುತ್ತಲಿದ್ದವರ ಕಿವಿಗೆಲ್ಲ ಬಿತ್ತು.

"ಏ ಬುಟ್ಟಿ, ದಂಟು ಕಟ್ಟು ಎಷ್ಟಮ್ಮಾ?" ಹಿಂದಿನಿಂದ ಒಂದು ದನಿ.

ಎಲ್ಲರೂ ನಕ್ಕರು. ಬೀರೇಶ್ ಸುಮ್ಮನೆ ನಿಂತಿದ್ದ.

ನಮ್ಮ ಜನಕ್ಕೆ ಇಬ್ಬರು ಹೆಣ್ಣುಮಕ್ಕಳು ಚೆನ್ನಾಗಿ ಆಡಿದರೆ ಸಾಲದು, ತಕ್ಕಡಿಗೆ ಹಾಕಿ ತೂಗಲೇಬೇಕು. ತಂಡದಲ್ಲಿ ಹೆಚ್ಚು ಪಾಯಿಂಟ್ ತರುವವರು ಸಿಂಧು, ಹರ್ಷಿತ ಇಬ್ಬರೇ. ಅದರಲ್ಲೂ ಸಿಂಧು ಒಂದು ಕೈ ಮುಂದೆ. ಅವಳ ಬುಟ್ಟಿಗಳಲ್ಲಿ ಅರ್ಧ ಹರ್ಷಿತಳ ಪಾಸಿನಿಂದ ಬಿದ್ದವು. ಅದನ್ನು ಯಾವನು ಎಣಿಸುತ್ತಾನೆ? ಸ್ಕೋರ್ ಬೋರ್ಡಿನಲ್ಲಿ ಪಾಸಿಗೆ ಜಾಗವೇ ಇಲ್ಲ.

'ಹೊರೋಳು ತಾನೇ... ಇನ್ನು ಹೊರಲ್ಲ' ಎಂದುಕೊಂಡಳು ಹರ್ಷಿತ.

ಮುಂದಿನದು ಫೈನಲ್. ಯೂನಿವರ್ಸಿಟಿ ತಂಡಕ್ಕೆ ಆರಿಸುವವರೂ ಬಂದು ಕೂತಿದ್ದರು.

ಸಿಂಧು ಬುಟ್ಟಿಯ ಕೆಳಗೆ ಒಬ್ಬಳೇ ನಿಂತು ಕೈ ಚಾಚಿದಳು. "ಹರ್ಷಿ, ಇಲ್ಲಿ!"

ಹರ್ಷಿತ ನೋಡಿದಳು. ನೋಡಿಯೂ ತಾನೇ ಎಸೆದಳು. ಮತ್ತೆ ಮತ್ತೆ ಎಸೆದಳು. ಕೆಲವು ಬಿದ್ದವು, ಹೆಚ್ಚಿನವು ರಿಂಗಿಗೆ ಬಡಿದು ಆಚೆ ಹೋದವು. ಆ ದಿನ ಸಿಂಧುವಿಗಿಂತ ಅವಳದೇ ಪಾಯಿಂಟ್ ಜಾಸ್ತಿ. ತಂಡ ಸೋತಿತು.

ಸಿಂಧು ಶೂ ಬಿಚ್ಚುತ್ತಾ ಕೇಳಿದಳು, "ನನ್ನ ಸೋಲಿಸ್ದೆ ಕಣೇ. ಖುಷಿನಾ?"

ಆಯ್ಕೆಯಲ್ಲಿ ಇಬ್ಬರ ಹೆಸರೂ ಬರಲಿಲ್ಲ. ಸಿಂಧು ಮಾತು ಬಿಟ್ಟಳು.

ಆಮೇಲೊಂದು ಸಂಜೆ ಬಸ್‌ಸ್ಟ್ಯಾಂಡಿನಲ್ಲಿ ಬೀರೇಶ್ ಹರ್ಷಿತಳ ಪಕ್ಕ ಬಂದು ನಿಂತ.

"ನಮ್ಮಜ್ಜಿ ಯಾರನ್ನಾದ್ರೂ ಹೊಗಳ್ಬೇಕಾದ್ರೆ 'ಮನೇನೇ ಹೊತ್ಕೊಂಡಿರೋಳು' ಅಂತಿದ್ರು. ಟೀಮ್ ಹೊತ್ಕೊಂಡಿರೋಳು ನೀನು ಅನ್ನೋಕೆ ಹೋದೆ. ಸಿಂಧು ಬಾಲ್ ಹಾಕುವಾಗ್ಲೂ ನಾನು ನೋಡ್ತಿದ್ದಿದ್ದು ನಿನ್ನನ್ನೇ."

"ಜನ ನಗ್ತಿದ್ದಾಗ ಮೈಕ್ ನಿನ್ ಕೈಲೇ ಇತ್ತಲ್ಲ. ಯಾಕೆ ಸುಮ್ನಿದ್ದೆ?"

ಅವನು ತಲೆ ತಗ್ಗಿಸಿದ. "ಹೆದರ್ಕೊಂಡೆ."

"ನಾನೇನು ಸಾಚಾ ಅಲ್ಲ ಬಿಡು. ಅವಳು ಕೈ ಚಾಚಿದ್ದು ಕಾಣಿಸ್ತು ನಂಗೆ... ಕೊಡ್ಲಿಲ್ಲ." ಅವಳು ಅವನ ಕಡೆ ತಿರುಗಿದಳು. "ನಾನು ಇಷ್ಟ ಅಂತ ಹೇಳೋಕೆ ಅವಳ ಹೆಸರು ಯಾಕೆ ಬೇಕಿತ್ತು ನಿಂಗೆ?"

"ಬೇಕಿರ್ಲಿಲ್ಲ."

"ಈಗ ಹೇಳು. ಅವಳ ಹೆಸರಿಲ್ದೆ."

"ನೀನಂದ್ರೆ ಇಷ್ಟ ಹರ್ಷಿತ."

ಅವಳು ದುಪಟ್ಟಾದಿಂದ ಕಣ್ಣು ಒರೆಸಿಕೊಂಡಳು. ವಿಜಯಪುರದ ಬಸ್ಸು ಇನ್ನೂ ಬಂದಿರಲಿಲ್ಲ.

"ಕೋಪ ಹೋಗಿಲ್ಲ ನಂಗೆ."

"ಗೊತ್ತು. ಹೋಗ್ಲಾ ನಾನು?"

"ಬಸ್ ಬರೋತನಕ ಇರು."